ಪ್ರಾಣಿ ವರ್ಗೀಕರಣದ ತತ್ತ್ವ ಮತ್ತು ಕ್ರಮ: ಉಡುಪಿ ಪರಿಸರದ ಕೆಲವು ನಿದರ್ಶನಗಳು

ಪೀಠಿಕೆ

ಸುತ್ತಲಿನ ಜೀವಿಗಳಿಗೆ ಹೆಸರಿಟ್ಟು ಅವುಗಳನ್ನು ಗುಂಪುಗಳಾಗಿ ವಿಂಗಡಿಸಿಕೊಳ್ಳುವ ಕಾರ್ಯವು ಮನುಷ್ಯನ ಬರವಣಿಗೆಗಿಂತಲೂ ಹಳೆಯದು. ಯಾವುದು ತಿನ್ನತಕ್ಕದ್ದು, ಯಾವುದು ವಿಷಯುಕ್ತವಾದುದು, ಯಾವುದು ಬೆಳೆಗೆ ಹಾನಿಕರ, ಯಾವುದು ಪೂಜ್ಯ ಎಂಬ ವಿವೇಚನೆಯಿಲ್ಲದೆ ಯಾವ ಸಮಾಜವೂ ಬದುಕಿಲ್ಲ. ತುಳುನಾಡಿನ ಮಟ್ಟಿಗೆ ಇಂತಹ ವಿಂಗಡಣೆಯ ಸಂಪತ್ತು ಅಪಾರವಾದುದು. ಕಡಲ ಮೀನುಗಳಿಗೆ, ಹಾವುಗಳಿಗೆ, ಗದ್ದೆಯ ಏಡಿ ಕಪ್ಪೆಗಳಿಗೆ ಇಲ್ಲಿನ ಜನ ಇಟ್ಟಿರುವ ಹೆಸರುಗಳು ಸೂಕ್ಷ್ಮವಾದ ಅವಲೋಕನದ ಫಲಗಳು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಈ ಭಾಷೆಯ ಪದಸಂಪತ್ತಿನ ವಿಸ್ತಾರವನ್ನು ಕಾಣಿಸುತ್ತದೆ.

ಜೀವಶಾಸ್ತ್ರಜ್ಞರೂ ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸುತ್ತಾರೆ. ಆದರೆ ಅವರು ಕೇಳುವ ಪ್ರಶ್ನೆ ಬೇರೆ. ಜನಬಳಕೆಯ ವಿಂಗಡಣೆಯು ಪ್ರಾಣಿಯಿಂದ ಮನುಷ್ಯನಿಗೆ ಒದಗುವ ಉಪಯೋಗ ಅಥವಾ ಅಪಾಯವನ್ನು ಆಧರಿಸಿದರೆ, ಶಾಸ್ತ್ರೀಯ ವರ್ಗೀಕರಣವು ಪ್ರಾಣಿ ಪ್ರಾಣಿಗಳ ನಡುವಣ ನೆಂಟಸ್ತಿಕೆಯನ್ನು ಅರಸುತ್ತದೆ. ಒಂದು ಪ್ರಾಣಿ ಇಂಥ ಗುಂಪಿಗೆ ಸೇರಿದ್ದು ಎನ್ನುವ ಹೇಳಿಕೆಯು ಅದರ ಪೂರ್ವಜರ ಕುರಿತಾದ ಒಂದು ಪ್ರತಿಪಾದನೆ. ಸಾಕ್ಷ್ಯವನ್ನು ಬೇಡುವಂಥದ್ದು, ಹೊಸ ಸಾಕ್ಷ್ಯ ದೊರೆತಾಗ ತಿದ್ದುಪಡಿಗೆ ಒಳಗಾಗುವಂಥದ್ದು. ಈ ಪ್ರತಿಪಾದನೆಯ ಪರಿಣಾಮಗಳು ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿಯುವುದಿಲ್ಲ. ಕಾನೂನು, ವೈದ್ಯಕೀಯ ಮತ್ತು ಭೂಬಳಕೆಯ ಕ್ಷೇತ್ರಗಳನ್ನೂ ಅವು ತಟ್ಟುತ್ತವೆ. ಕಾಪುವಿನ ಕಡಲತೀರ, ಕಾರ್ಕಳದ ಕಾಡಂಚು ಮತ್ತು ಮಣಿಪಾಲದ ಮುರಕಲ್ಲಿನ ಪದವು ಎಂಬ ಮೂರು ನೆಲೆಗಳಿಂದ ಆಯ್ದ ನಿದರ್ಶನಗಳ ಮೂಲಕ ಈ ವಿಚಾರವನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾಪುವಿನ ಕಡಲತೀರ: ‘ಮೀನು’ ಎಂಬ ಗುಂಪು

ಕಾಪುವಿನ ತೀರದಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆದಾಗ ಅದರಲ್ಲಿ ಬೂತಾಯಿ, ಬಂಗುಡೆಗಳೊಡನೆ ಸೀಗಡಿ, ಏಡಿ, ಬೊಂಡಾಸ್, ತೊರಕೆ, ಅಂಬಲಿ ಮೀನು, ಒಮ್ಮೊಮ್ಮೆ ಕಡಲಹಾವು ಕೂಡ ದೊರೆಯುವುದುಂಟು. ಮಾರುಕಟ್ಟೆಯ ದೃಷ್ಟಿಯಲ್ಲಿ ಇವುಗಳಲ್ಲಿ ಹೆಚ್ಚಿನವು ಮೀನುಗಳೇ. ಜೀವಶಾಸ್ತ್ರದ ದೃಷ್ಟಿಯಲ್ಲಿ ಆ ಒಂದೇ ಬಲೆಯಲ್ಲಿ ಪ್ರಾಣಿಸಾಮ್ರಾಜ್ಯದ ನಾಲ್ಕು ದೂರದ ಶಾಖೆಗಳಿವೆ. ಸೀಗಡಿ ಮತ್ತು ಏಡಿಗಳು ಕೀಲುಕಾಲುಗಳುಳ್ಳ ಸಂಧಿಪದಿಗಳು. ಅವು ಜೇಡ, ಜಿರಳೆಗಳ ಬಂಧುಗಳು. ಬೊಂಡಾಸ್ ಮೃದ್ವಂಗಿ, ಅದರ ಸಂಬಂಧ ಮರುವಾಯಿ ಮತ್ತು ಬಸವನಹುಳುಗಳೊಂದಿಗೆ. ಅಂಬಲಿ ಮೀನಿಗೆ ಎಲುಬೂ ಇಲ್ಲ, ಮಿದುಳೂ ಇಲ್ಲ. ಅದು ಹವಳದ ಜೀವಿಗಳ ಬಳಗದ್ದು. ಬೂತಾಯಿ, ಬಂಗುಡೆ, ತೊರಕೆ ಮತ್ತು ಕಡಲಹಾವುಗಳು ಮಾತ್ರ ಬೆನ್ನೆಲುಬುಳ್ಳವು.

ಈ ಬೆನ್ನೆಲುಬಿನ ಗುಂಪಿನೊಳಗೂ ಹೊರನೋಟವು ದಾರಿತಪ್ಪಿಸುವುದುಂಟು. ಬೂತಾಯಿ ಮತ್ತು ಬಂಗುಡೆ ಒಂದೇ ಬುಟ್ಟಿಯಲ್ಲಿ ಮಾರಾಟವಾಗುತ್ತವೆ, ಗಾತ್ರದಲ್ಲಿಯೂ ಬಹಳ ವ್ಯತ್ಯಾಸವಿಲ್ಲ. ಆದರೆ ಬಂಗುಡೆಯ ಬೆನ್ನಿನ ಮೇಲೆ ಎರಡು ಪ್ರತ್ಯೇಕ ಈಜುರೆಕ್ಕೆಗಳೂ ಅವುಗಳ ಹಿಂದೆ ಬಾಲದವರೆಗೆ ಸಣ್ಣ ಸಣ್ಣ ಕಿರುರೆಕ್ಕೆಗಳ ಸಾಲೂ ಇವೆ. ಇದೇ ಲಕ್ಷಣವು ಅಂಜಲ್ ಮತ್ತು ಕೇದರ್ ಮೀನುಗಳಲ್ಲಿಯೂ ಕಾಣುತ್ತದೆ. ಬೂತಾಯಿಗೆ ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ, ಕಿರುರೆಕ್ಕೆಗಳಿಲ್ಲ. ಆದುದರಿಂದ ಕೈಯಗಲದ ಬಂಗುಡೆಯು ತನ್ನ ಪಕ್ಕದಲ್ಲಿಯೇ ಬಿದ್ದಿರುವ ಬೂತಾಯಿಗಿಂತ ಆಳೆತ್ತರದ ಅಂಜಲಿಗೆ ಹತ್ತಿರದ ನೆಂಟ. ತೊರಕೆ ಮತ್ತು ತಾಟೆ ಮೀನುಗಳು ಆಕಾರದಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಒಂದು ಮೊರದಂತೆ ಚಪ್ಪಟೆ, ಇನ್ನೊಂದು ಕದಿರಿನಂತೆ ಉದ್ದ. ಆದರೂ ಎರಡರ ಅಸ್ಥಿಪಂಜರವೂ ಮೃದ್ವಸ್ಥಿಯದು, ಎರಡಕ್ಕೂ ಮುಚ್ಚಳವಿಲ್ಲದ ಕಿವಿರುಸೀಳುಗಳಿವೆ. ಈ ಕಾರಣದಿಂದ ಅವು ಒಂದೇ ವರ್ಗಕ್ಕೆ ಸೇರುತ್ತವೆ.

ಇಲ್ಲಿ ವರ್ಗೀಕರಣದ ಮೊದಲ ಸೂತ್ರವು ದೊರೆಯುತ್ತದೆ: ಎಲ್ಲ ಹೋಲಿಕೆಗಳಿಗೂ ಸಮಾನ ತೂಕವಿಲ್ಲ. ಸಮಾನ ಜೀವನಕ್ರಮದಿಂದ ಬಂದ ಹೋಲಿಕೆ ಬೇರೆ, ಸಮಾನ ಪೂರ್ವಜರಿಂದ ಬಂದ ಹೋಲಿಕೆ ಬೇರೆ. ಕಡಲಹಂದಿಯೆಂದು ಕರೆಯಲ್ಪಡುವ ಡಾಲ್ಫಿನ್‌ಗೂ ತಾಟೆಗೂ ನೀರನ್ನು ಸೀಳಿಕೊಂಡು ಹೋಗುವ ದೇಹವಿದೆ. ಇದು ನೀರಿನ ಬದುಕು ಇಬ್ಬರಿಗೂ ಬೇರೆಬೇರೆಯಾಗಿ ಕಲಿಸಿದ ಪಾಠ. ಡಾಲ್ಫಿನ್ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡುತ್ತದೆ, ಬಿಸಿರಕ್ತದ ಪ್ರಾಣಿಯಾಗಿದೆ. ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ ಇಂದು ಬದುಕಿರುವ ಪ್ರಾಣಿಗಳಲ್ಲಿ ಅತ್ಯಂತ ಹತ್ತಿರದ ಬಂಧು ಆಫ್ರಿಕದ ಹಿಪಪಾಟಮಸ್ ಎಂಬುದನ್ನು ಆನುವಂಶಿಕ ಅಧ್ಯಯನಗಳು ತೋರಿಸಿಕೊಟ್ಟಿವೆ. ಕನ್ನಡದಲ್ಲಿ ಅದಕ್ಕೆ ನೀರಾನೆಯೆಂದು ಹೆಸರಾದರೂ ಆನೆಗೂ ಅದಕ್ಕೂ ಹತ್ತಿರದ ಸಂಬಂಧವಿಲ್ಲ.

ಈ ಭೇದಜ್ಞಾನವು ಮೀನುಗಾರನಿಗೆ ಅನಗತ್ಯವೆಂದು ಭಾವಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ರಕ್ಷಣೆಯನ್ನು ನೀಡುವುದು ಅನುಸೂಚಿಗಳಲ್ಲಿ ಹೆಸರಿಸಲ್ಪಟ್ಟ ಪ್ರಾಣಿಗಳಿಗೆ. 2001ರಲ್ಲಿ ವೇಲ್ ಶಾರ್ಕ್ ಆ ಪಟ್ಟಿಗೆ ಸೇರಿತು. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ಮೀನು. ಜಗತ್ತಿನ ಅತಿ ದೊಡ್ಡ ಮೀನು. ಬಲೆಗೆ ಬಿದ್ದ ಪ್ರಾಣಿಯನ್ನು ಕಡಲಿಗೆ ಮರಳಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರವು ಪ್ರಭೇದವನ್ನು ಗುರುತಿಸುವುದರಲ್ಲಿದೆ.

ವರ್ಗೀಕರಣದ ಮೆಟ್ಟಿಲುಗಳು

ಇಂದು ಬಳಕೆಯಲ್ಲಿರುವ ನಾಮಕರಣ ಪದ್ಧತಿಗೆ ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಅಡಿಪಾಯ ಹಾಕಿದನು. ಅವನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 1758ರ ಹತ್ತನೆಯ ಆವೃತ್ತಿಯನ್ನು ಪ್ರಾಣಿನಾಮಕರಣದ ಆರಂಭಬಿಂದುವೆಂದು ವಿದ್ವಾಂಸರು ಒಪ್ಪಿಕೊಂಡಿದ್ದಾರೆ. ಪ್ರತಿಯೊಂದು ಪ್ರಾಣಿಗೂ ಎರಡು ಪದಗಳ ಹೆಸರು. ಮೊದಲನೆಯದು ಜಾತಿಯನ್ನೂ ಎರಡೂ ಸೇರಿ ಪ್ರಭೇದವನ್ನೂ ಸೂಚಿಸುತ್ತವೆ. ಇಲ್ಲಿ ‘ಜಾತಿ’ ಎಂಬುದು ಪಾರಿಭಾಷಿಕ ಪದ. ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು ಎಂದು ಅದರ ಅರ್ಥ. ಜಾತಿಗಳು ಕೂಡಿ ಕುಟುಂಬ, ಕುಟುಂಬಗಳು ಕೂಡಿ ಗಣ, ಅನಂತರ ವರ್ಗ, ವಂಶ, ಸಾಮ್ರಾಜ್ಯ ಎಂದು ಮೆಟ್ಟಿಲುಗಳು ಮೇಲೇರುತ್ತವೆ.

ಬಂಗುಡೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಪ್ರಾಣಿಸಾಮ್ರಾಜ್ಯಕ್ಕೆ, ಕಾರ್ಡೇಟಾ ವಂಶಕ್ಕೆ, ಈಜುರೆಕ್ಕೆಗಳಿಗೆ ಕಡ್ಡಿಗಳ ಆಧಾರವಿರುವ ಎಲುಬುಮೀನುಗಳ ವರ್ಗಕ್ಕೆ, ಸ್ಕಾಂಬ್ರಿಫಾರ್ಮಿಸ್ ಗಣಕ್ಕೆ, ಸ್ಕಾಂಬ್ರಿಡೇ ಕುಟುಂಬಕ್ಕೆ, ರಾಸ್ಟ್ರೆಲ್ಲಿಗರ್ ಜಾತಿಗೆ ಸೇರಿದ ಕನಗುರ್ತ ಪ್ರಭೇದ. ‘ಕನಗುರ್ತ’ ಎಂಬುದು ಲ್ಯಾಟಿನ್ ಪದವಲ್ಲ. ತೆಲುಗು ಮೀನುಗಾರರ ಮಾತು. ಪ್ಯಾಟ್ರಿಕ್ ರಸೆಲ್ 1803ರಲ್ಲಿ ಪ್ರಕಟಿಸಿದ ವಿಶಾಖಪಟ್ಟಣದ ಮೀನುಗಳ ಗ್ರಂಥದಲ್ಲಿ ಅದನ್ನು ದಾಖಲಿಸಿದನು. 1816ರಲ್ಲಿ ಫ್ರಾನ್ಸಿನ ಕುವಿಯೇ ಅದನ್ನೇ ಶಾಸ್ತ್ರೀಯ ಹೆಸರಾಗಿಸಿದನು. ದಡದ ಜನರ ಮಾತು ವಿಶ್ವದ ಎಲ್ಲ ವಿಜ್ಞಾನಿಗಳ ಮಾತಾದುದಕ್ಕೆ ಇದೊಂದು ಹಳೆಯ ನಿದರ್ಶನ.

ಲಿನ್ನೇಯಸನ ಕಾಲಕ್ಕೆ ಈ ಮೆಟ್ಟಿಲುಗಳು ಸೃಷ್ಟಿಯ ಒಂದು ಸ್ಥಿರ ವ್ಯವಸ್ಥೆಯ ಚಿತ್ರಣವಾಗಿದ್ದವು. ಅವನ ಕೆಲವು ನಿರ್ಣಯಗಳು ಉಳಿದಿವೆ. 1758ರಲ್ಲಿಯೇ ಅವನು ತಿಮಿಂಗಿಲಗಳನ್ನು ಸ್ತನಿಗಳೊಡನೆ ಇರಿಸಿದನು. ಕೆಲವು ಬಿದ್ದುಹೋಗಿವೆ, ಕಪ್ಪೆ ಮತ್ತು ಹಾವುಗಳನ್ನು ಅವನು ಒಂದೇ ವರ್ಗದಲ್ಲಿ ಸೇರಿಸಿದ್ದನು. 1859ರಲ್ಲಿ ಡಾರ್ವಿನನ ‘ಪ್ರಭೇದಗಳ ಉಗಮ’ ಪ್ರಕಟವಾದ ಬಳಿಕ ಈ ಮೆಟ್ಟಿಲುಗಳ ಅರ್ಥವೇ ಬದಲಾಯಿತು. ಗುಂಪಿನೊಳಗೆ ಗುಂಪು ಇರುವುದಕ್ಕೆ ಕಾರಣ ವಂಶವೃಕ್ಷವು ಕವಲೊಡೆದಿರುವುದೇ ಎಂಬುದು ಸ್ಪಷ್ಟವಾಯಿತು. ಜರ್ಮನಿಯ ವಿಲ್ಲಿ ಹೆನ್ನಿಗ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ಕಟ್ಟುನಿಟ್ಟಾದ ವಿಧಾನವನ್ನಾಗಿ ರೂಪಿಸಿದನು. ಅದರಂತೆ ಸಹಜವಾದ ಗುಂಪೆಂದರೆ ಒಬ್ಬ ಪೂರ್ವಜ ಮತ್ತು ಆ ಪೂರ್ವಜನ ಎಲ್ಲ ಸಂತತಿ. ಈ ಅಳತೆಗೋಲಿನಲ್ಲಿ ‘ಮೀನು’ ಎಂಬುದು ಪೂರ್ಣ ಗುಂಪಾಗಲಾರದು. ಏಕೆಂದರೆ ಶ್ವಾಸಕೋಶವುಳ್ಳ ಮೀನುಗಳು ಬಂಗುಡೆಗಿಂತ ಕಪ್ಪೆಗೆ ಮತ್ತು ಮನುಷ್ಯನಿಗೆ ಹತ್ತಿರದವು. ಮಾರುಕಟ್ಟೆಗೆ ‘ಮೀನು’ ಎಂಬ ಪದವು ಅವಶ್ಯವೇ ಸರಿ. ವಂಶಾವಳಿಯಲ್ಲಿ ಮಾತ್ರ ಅದಕ್ಕೆ ಸ್ಥಾನವಿಲ್ಲ.

ಕಾರ್ಕಳದ ಕಾಡಂಚು: ಒಂದರಿಂದ ನಾಲ್ಕಾದ ಕಾಳಿಂಗ

ಕಾಪುವಿನ ಬಲೆಯಲ್ಲಿ ಸಿಕ್ಕ ಕಡಲಹಾವಿನ ನೆಂಟರನ್ನು ಹುಡುಕಬೇಕಾದರೆ ಮೂಡಣಕ್ಕೆ, ಘಟ್ಟದ ಬುಡಕ್ಕೆ ಹೋಗಬೇಕು. ಕಡಲಹಾವು, ನಾಗರಹಾವು, ಕಟ್ಟುಹಾವು ಮತ್ತು ಕಾಳಿಂಗ ಇವೆಲ್ಲವೂ ಎಲಾಪಿಡೇ ಎಂಬ ಒಂದೇ ಕುಟುಂಬದವು. ಬಾಯಿಯ ಮುಂಭಾಗದಲ್ಲಿ ನೆಟ್ಟಗೆ ನಿಂತ ವಿಷದ ಹಲ್ಲು ಈ ಕುಟುಂಬದ ಲಕ್ಷಣ. ಹಿತ್ತಲಲ್ಲಿ ಹರಿದಾಡುವ ಕೇರೆಹಾವು ಗಾತ್ರದಲ್ಲಿ ನಾಗರಹಾವನ್ನು ಹೋಲಿದರೂ ಬೇರೊಂದು ಕುಟುಂಬಕ್ಕೆ ಸೇರಿದೆ.

ಕಾಳಿಂಗಕ್ಕೆ ಆಂಗ್ಲಭಾಷೆಯಲ್ಲಿ ‘ಕಿಂಗ್ ಕೋಬ್ರಾ’ ಎಂದು ಹೆಸರು. ಈ ಹೆಸರು ಅದನ್ನು ನಾಗರಹಾವುಗಳ ರಾಜನೆಂದು ಸಾರುತ್ತದೆ. ಶಾಸ್ತ್ರವು ಹಾಗೆ ಹೇಳುವುದಿಲ್ಲ. ನಾಗರಹಾವುಗಳ ಜಾತಿ ನಾಜಾ. ಆ ಪದವು ಸಂಸ್ಕೃತದ ‘ನಾಗ’ದಿಂದಲೇ ಬಂದುದು. ಕಾಳಿಂಗದ ಜಾತಿ ಓಫಿಯೋಫೇಗಸ್, ಎಂದರೆ ಹಾವುಭಕ್ಷಕ. ನಾಗಬನಗಳ ನಾಡಾದ ಉಡುಪಿ ಜಿಲ್ಲೆಯಲ್ಲಿ ಜನರು ನಾಗ ಮತ್ತು ಕಾಳಿಂಗಗಳನ್ನು ಎರಡು ಸ್ವತಂತ್ರ ಹೆಸರುಗಳಿಂದ ಕರೆಯುತ್ತಾರೆ. ಈ ಒಂದು ವಿಷಯದಲ್ಲಿ ಜನಬಳಕೆಯು ಆಂಗ್ಲ ಹೆಸರಿಗಿಂತ ಶಾಸ್ತ್ರಕ್ಕೆ ಹೆಚ್ಚು ಸಮೀಪವಾಗಿದೆ.

1836ರಲ್ಲಿ ಕ್ಯಾಂಟರ್ ಈ ಹಾವನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಎರಡು ಶತಮಾನಗಳ ಕಾಲ ಪಶ್ಚಿಮಘಟ್ಟದಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳನ್ನೂ ಓಫಿಯೋಫೇಗಸ್ ಹನ್ನಾ ಎಂಬ ಏಕೈಕ ಪ್ರಭೇದವೆಂದು ಪರಿಗಣಿಸಲಾಗಿತ್ತು. ಮೈಮೇಲಿನ ಪಟ್ಟೆಗಳಲ್ಲಿ ಪ್ರದೇಶದಿಂದ ಪ್ರದೇಶಕ್ಕೆ ಭೇದವಿರುವುದು ತಿಳಿದಿದ್ದರೂ ಅದನ್ನು ಒಂದೇ ಪ್ರಭೇದದೊಳಗಿನ ವೈವಿಧ್ಯವೆಂದು ಭಾವಿಸಲಾಗುತ್ತಿತ್ತು. 2021ರಲ್ಲಿ ಪಿ. ಗೌರಿಶಂಕರ್ ಮತ್ತು ಸಹಸಂಶೋಧಕರು ಪ್ರಕಟಿಸಿದ ಆನುವಂಶಿಕ ಅಧ್ಯಯನವು ಇದರೊಳಗೆ ನಾಲ್ಕು ಪ್ರತ್ಯೇಕ ಕವಲುಗಳಿರುವುದನ್ನು ತೋರಿಸಿತು. ವಸ್ತುಸಂಗ್ರಹಾಲಯಗಳಲ್ಲಿ ಕಾಯ್ದಿರಿಸಿದ ಮಾದರಿಗಳ ದೇಹಲಕ್ಷಣಗಳನ್ನು ಹೋಲಿಸಿ ನೋಡಿದಾಗ ಅದೇ ನಿರ್ಣಯಕ್ಕೆ ಬೆಂಬಲ ದೊರೆಯಿತು. 2024ರಲ್ಲಿ ಇಂದ್ರನೀಲ್ ದಾಸ್, ಗೌರಿಶಂಕರ್ ಮೊದಲಾದವರು ಈ ಕವಲುಗಳನ್ನು ನಾಲ್ಕು ಪ್ರಭೇದಗಳೆಂದು ಘೋಷಿಸಿದರು. ಉತ್ತರ ಭಾರತ ಮತ್ತು ಅದರ ಪೂರ್ವದ ದೇಶಗಳ ಹಾವಿಗೆ ‘ಹನ್ನಾ’ ಎಂಬ ಹಳೆಯ ಹೆಸರು ಉಳಿಯಿತು. ಮಲಯ ಮತ್ತು ಇಂಡೊನೇಷ್ಯದ ಕಡೆಯದಕ್ಕೆ ‘ಬಂಗಾರಸ್’, ಲುಜಾನ್ ದ್ವೀಪದ್ದಕ್ಕೆ ‘ಸಾಲ್ವತಾನ’ ಎಂಬ ಹೆಸರುಗಳಾದವು. ಪಶ್ಚಿಮಘಟ್ಟದ ಹಾವು ಓಫಿಯೋಫೇಗಸ್ ಕಾಳಿಂಗ ಎನಿಸಿತು. ಕಾರ್ಕಳ, ಹೆಬ್ರಿ, ಆಗುಂಬೆಯ ಜನರ ಬಾಯಲ್ಲಿದ್ದ ಪದವು ಹೀಗೆ ಪ್ರಾಣಿಶಾಸ್ತ್ರದ ದಾಖಲೆಯನ್ನು ಪ್ರವೇಶಿಸಿತು.

ಈ ವಿಭಜನೆಯಿಂದ ಎರಡು ಗಂಭೀರವಾದ ಪ್ರಶ್ನೆಗಳು ಉದ್ಭವಿಸುತ್ತವೆ. ಮೊದಲನೆಯದು ಸಂರಕ್ಷಣೆಗೆ ಸಂಬಂಧಿಸಿದ್ದು. ಏಷ್ಯದ ಬಹುಭಾಗದಲ್ಲಿ ಹರಡಿದ ಪ್ರಾಣಿಯೆಂದು ಬಗೆದಾಗ ಒಂದೆಡೆಯ ನಾಶವನ್ನು ಇನ್ನೊಂದೆಡೆಯ ಇರುವಿಕೆ ಸರಿದೂಗಿಸೀತೆಂಬ ಭಾವನೆಗೆ ಅವಕಾಶವಿತ್ತು. ಪಶ್ಚಿಮಘಟ್ಟಕ್ಕೆ ಮಾತ್ರ ಸೀಮಿತವಾದ ಪ್ರಭೇದಕ್ಕೆ ಅಂತಹ ಬದಲಿ ನೆಲೆಯಿಲ್ಲ. ಎರಡನೆಯದು ವೈದ್ಯಕೀಯ. ಭಾರತದಲ್ಲಿ ಬಳಕೆಯಲ್ಲಿರುವ ಬಹುವಿಷ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಆಧರಿಸಿ ತಯಾರಾದುದು. ಕಾಳಿಂಗವು ಆ ಪಟ್ಟಿಯಲ್ಲಿಲ್ಲ. ಕಾಳಿಂಗದ ವಿಷಕ್ಕೆ ಥಾಯ್ಲೆಂಡಿನಲ್ಲಿ ಪ್ರತಿವಿಷ ತಯಾರಾಗುತ್ತದೆಯಾದರೂ ಅದು ಅಲ್ಲಿನ ಹಾವುಗಳ ವಿಷದಿಂದ ರೂಪುಗೊಂಡುದು. ಅಲ್ಲಿನ ಹಾವೂ ಇಲ್ಲಿನ ಹಾವೂ ಬೇರೆ ಪ್ರಭೇದಗಳೆಂದಾದ ಮೇಲೆ ಅದು ಇಲ್ಲಿ ಎಷ್ಟು ಪರಿಣಾಮಕಾರಿ ಎಂಬುದನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕಾಗುತ್ತದೆ. ವರ್ಗೀಕರಣದ ಒಂದು ಗೆರೆಯು ಆಸ್ಪತ್ರೆಯ ಹಾಸಿಗೆಯವರೆಗೆ ಚಾಚಿಕೊಳ್ಳುವ ಬಗೆ ಇದು.

ಮಣಿಪಾಲದ ಪದವು: ಹೆಸರಿಲ್ಲದ ಕಪ್ಪೆಗೆ ಹೆಸರು

ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದ ಮಣಿಪಾಲವೆಂಬ ಹೆಸರು ಬಂದಿತೆಂಬುದು ಪ್ರಚಲಿತ ವಿವರಣೆ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವವರೆಗೆ ಇದೊಂದು ಬೋಳುಗುಡ್ಡವೆಂದೇ ಪರಿಗಣಿತವಾಗಿತ್ತು. ಈ ಗುಡ್ಡದ ನೆಲ ಮುರಕಲ್ಲಿನದು. ಈ ಶಿಲೆಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿ 1807ರಲ್ಲಿ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕನನ್. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಅವನು ಅದನ್ನು ರಚಿಸಿದನು. ಕಡಿದು ಇಟ್ಟಿಗೆಯಂತೆ ಬಳಸುವ ಈ ಕಲ್ಲಿಗೆ ಆ ಹೆಸರು ಸಹಜವಾಗಿದೆ.

2013ರಿಂದ 2015ರವರೆಗೆ ಸಂಶೋಧಕರ ಒಂದು ತಂಡವು ನೈರುತ್ಯ ಭಾರತದಲ್ಲಿ ಸಂರಕ್ಷಿತಾರಣ್ಯಗಳ ಹೊರಗೆ, ಜನವಸತಿಯ ನಡುವಣ ನೆಲೆಗಳಲ್ಲಿ ಉಭಯವಾಸಿಗಳ ಸಮೀಕ್ಷೆ ನಡೆಸಿತು. ಮಣಿಪಾಲದ ಮುರಕಲ್ಲಿನ ಹಾಸಿನಲ್ಲಿ, ಮಳೆನೀರು ನಿಂತ ತಾಣಗಳಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಒಂದು ಕಪ್ಪೆ ಅವರ ಗಮನಕ್ಕೆ ಬಂದಿತು. ಸುಮಾರು 1.6 ಸೆಂಟಿಮೀಟರ್ ಉದ್ದ, ತಿಳಿಕಂದು ಬಣ್ಣ, ಬೆನ್ನಿನ ಮೇಲೆ ಕಪ್ಪು ಗುರುತುಗಳು. ಅದರ ಕೂಗನ್ನು ಕೇಳಿದವರು ಮಿಡತೆಯ ಬಳಗದ ಜೀರುಂಡೆಯ ದನಿಯೆಂದು ಭ್ರಮಿಸುವಂತಿತ್ತು. ಇದು ತಿಳಿದಿರುವ ಯಾವುದಾದರೂ ಪ್ರಭೇದವೇ, ಹೊಸದೇ ಎಂಬುದು ಪ್ರಶ್ನೆಯಾಯಿತು.

ಈ ಪ್ರಶ್ನೆಯನ್ನು ಇತ್ಯರ್ಥಪಡಿಸಿದ ಕ್ರಮವು ಸಮಕಾಲೀನ ವರ್ಗೀಕರಣಕ್ಕೆ ಮಾದರಿಯಂತಿದೆ. ಮೊದಲನೆಯದು ದೇಹಮಾಪನ. ಮೂತಿಯ ಉದ್ದ, ಕಣ್ಣುಗಳ ಅಂತರ, ಬೆರಳುಗಳ ತುದಿಯ ಆಕಾರ, ಕಾಲ್ಬೆರಳುಗಳ ನಡುವಣ ಜಾಲಪೊರೆ ಇವೇ ಮೊದಲಾದುವನ್ನು ಅಳೆದು ಸಮೀಪದ ಪ್ರಭೇದಗಳ ಅಳತೆಗಳೊಡನೆ ಹೋಲಿಸುವುದು. ಎರಡನೆಯದು ಧ್ವನಿಪರೀಕ್ಷೆ. ಹೆಣ್ಣು ಕಪ್ಪೆಯು ಸ್ವಂತ ಪ್ರಭೇದದ ಗಂಡನ್ನು ಕೂಗಿನಿಂದ ಗುರುತಿಸುತ್ತದೆ. ಆದುದರಿಂದ ಕೂಗಿನ ಕಂಪನಸಂಖ್ಯೆ, ಅವಧಿ ಮತ್ತು ಲಯಗಳಲ್ಲಿನ ಭೇದವು ಸಂತಾನದ ಗಡಿಯನ್ನು ಸೂಚಿಸಬಲ್ಲುದು. ಎರ್ನ್ಸ್ಟ್ ಮೇಯರ್ 1942ರಲ್ಲಿ ಪ್ರಭೇದಕ್ಕೆ ಕೊಟ್ಟ ಪ್ರಸಿದ್ಧ ನಿರ್ವಚನದ ತಿರುಳು ತಮ್ಮೊಳಗೆ ಸಂತಾನವನ್ನು ಪಡೆಯುತ್ತ ಇತರ ಗುಂಪುಗಳಿಂದ ಪ್ರತ್ಯೇಕವಾಗಿರುವುದು ಎಂಬುದೇ ಆಗಿದೆ. ಮೂರನೆಯದು ಆನುವಂಶಿಕ ಸಾಕ್ಷ್ಯ. ಮೈಟೊಕಾಂಡ್ರಿಯದ ನಿರ್ದಿಷ್ಟ ಜೀನಿನ ಅಕ್ಷರಸರಣಿಯನ್ನು ಓದಿ, ಇತರ ಪ್ರಭೇದಗಳ ಅದೇ ಸರಣಿಯೊಡನೆ ಹೋಲಿಸಿ, ವಂಶವೃಕ್ಷದಲ್ಲಿ ಅದರ ಕವಲನ್ನು ನಿರ್ಧರಿಸುವುದು.

ಮೂರೂ ಸಾಕ್ಷ್ಯಗಳು ಒಂದೇ ತೀರ್ಮಾನವನ್ನು ಸೂಚಿಸಿದುವು. ಕೆ. ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ. ವಿ. ಗುರುರಾಜ ಮತ್ತು ಸಂಗಡಿಗರು 2016ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಇದನ್ನು ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಹೊಸ ಪ್ರಭೇದವಾಗಿ ಪ್ರಕಟಿಸಿದರು. ಹೊಸ ಪ್ರಭೇದವನ್ನು ಘೋಷಿಸುವಾಗ ಒಂದು ಮಾದರಿಯನ್ನು ಹೋಲೋಟೈಪ್ ಎಂದು ನಿಯೋಜಿಸಿ ಸಂಗ್ರಹಾಲಯದಲ್ಲಿ ಕಾಯ್ದಿರಿಸುವುದು ಅಂತರರಾಷ್ಟ್ರೀಯ ನಿಯಮ. ಮುಂದೆ ಸಂಶಯ ಬಂದಾಗ ಹೆಸರಿನ ಅರ್ಥವನ್ನು ನಿರ್ಣಯಿಸುವ ಮೂಲಪ್ರತಿ ಅದು. ಹಸ್ತಪ್ರತಿಶಾಸ್ತ್ರದಲ್ಲಿ ಮೂಲ ಓಲೆಗರಿಗೆ ಇರುವ ಸ್ಥಾನವನ್ನು ಇದಕ್ಕೆ ಹೋಲಿಸಬಹುದು.

ಅದೇ 2016ರಲ್ಲಿ ಉತ್ತರ ಕನ್ನಡದ ಕರಾವಳಿಯಿಂದ ಯೂಫ್ಲಿಕ್ಟಿಸ್ ಕರಾವಳಿ ಎಂಬ ಇನ್ನೊಂದು ಕಪ್ಪೆಯು ವರ್ಣಿತವಾಯಿತು. ಮಿಂಚುಳ್ಳಿಯ ಕೂಗನ್ನು ಹೋಲುವ ಅದರ ದನಿಯನ್ನು ಬೆನ್ನಟ್ಟಿದವರಲ್ಲಿ ಅರಣ್ಯ ಇಲಾಖೆಯ ಸಿ. ಆರ್. ನಾಯ್ಕರು ಒಬ್ಬರು, ಸಂಶೋಧನ ಪ್ರಬಂಧದ ಲೇಖಕರಲ್ಲಿಯೂ ಅವರ ಹೆಸರಿದೆ. ನೆಲದ ಪರಿಚಯವುಳ್ಳವರ ಕಿವಿಯೂ ಪ್ರಯೋಗಾಲಯದ ಉಪಕರಣವೂ ಕೂಡಿದಾಗ ಆಗುವ ಕಾರ್ಯಕ್ಕೆ ಇದು ಸಾಕ್ಷಿ.

ಹೆಸರುಗಳ ಬದಲಾವಣೆ

ಶಾಸ್ತ್ರೀಯ ಹೆಸರುಗಳು ಪದೇ ಪದೇ ಬದಲಾಗುವುದನ್ನು ಕಂಡು ವರ್ಗೀಕರಣದ ವಿಶ್ವಾಸಾರ್ಹತೆಯನ್ನು ಪ್ರಶ್ನಿಸುವವರುಂಟು. ಕುದುರೆಮುಖದ ಹೆಸರನ್ನು ಹೊತ್ತ ಒಂದು ಕಪ್ಪೆಯನ್ನು ಇಲ್ಲಿ ಪರಿಶೀಲಿಸಬಹುದು. 2008ರಲ್ಲಿ ಕುರಮೋಟೊ, ಜೋಶಿ ಮೊದಲಾದವರು ಅದನ್ನು ಫೆಜೆರ್ವಾರ್ಯಾ ಕುದ್ರೆಮುಖೆನ್ಸಿಸ್ ಎಂದು ಕರೆದರು. 2018ರಲ್ಲಿ ಪ್ರಕಟವಾದ ವಿಸ್ತೃತ ಆನುವಂಶಿಕ ಅಧ್ಯಯನವೊಂದು ದಕ್ಷಿಣ ಏಷ್ಯದ ಈ ಕಪ್ಪೆಗಳು ಆಗ್ನೇಯ ಏಷ್ಯದ ಫೆಜೆರ್ವಾರ್ಯಾಗಳಿಂದ ಬೇರೆಯಾದ ಕವಲೆಂದು ನಿರ್ಣಯಿಸಿದ ಕಾರಣ ಅದು ಮಿನರ್ವಾರ್ಯಾ ಕುದ್ರೆಮುಖೆನ್ಸಿಸ್ ಆಯಿತು. ಇಲ್ಲಿ ಬದಲಾದುದು ಜಾತಿಯ ಹೆಸರು. ಪ್ರಭೇದದ ಹೆಸರು ಹಾಗೆಯೇ ಉಳಿಯಿತು. ನೆಂಟಸ್ತಿಕೆಯ ಬಗೆಗಿನ ತಿಳಿವಳಿಕೆ ತಿದ್ದಲ್ಪಟ್ಟಾಗ ಹೆಸರಿನಲ್ಲಿ ಆ ತಿದ್ದುಪಡಿ ಕಾಣಿಸಿಕೊಳ್ಳುವುದು ಈ ಪದ್ಧತಿಯ ಪ್ರಾಮಾಣಿಕತೆಯ ಲಕ್ಷಣವೆಂದೇ ಹೇಳಬೇಕು. ಆದರೆ ಗ್ರಂಥಾಲಯಗಳೂ ಸಂಶೋಧಕರೂ ಹಳೆಯ ಹೆಸರುಗಳ ಸೂಚಿಯನ್ನು ಕಾಪಾಡಿಕೊಳ್ಳದಿದ್ದರೆ ಹಿಂದಿನ ದಾಖಲೆಗಳು ಕೈಗೆ ಸಿಗದಂತಾಗುವ ಅಪಾಯವಿದೆ.

ಉಪಸಂಹಾರ

ತುಳುನಾಡಿನ ಕೃಷಿಕನು ನೆಲವನ್ನೂ ವರ್ಗೀಕರಿಸಿದ್ದಾನೆ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನೆಚ್ಚಿದ ಎತ್ತರದ ಗದ್ದೆ ಬೆಟ್ಟು. ಬೇಸಾಯದ ದೃಷ್ಟಿಯಿಂದ ಇದು ಅತ್ಯಂತ ವಿವೇಕಯುತವಾದ ವಿಂಗಡಣೆ. ಆದರೆ ಈ ದೃಷ್ಟಿಯಲ್ಲಿ ಮುರಕಲ್ಲಿನ ಹಾಸಿಗೆ ಬೆಲೆಯಿಲ್ಲ. ಬೆಳೆ ಬಾರದ ಆ ನೆಲವು ಬಂಜರೆನಿಸಿ ಕಲ್ಲುಕೋರೆಗೆ, ಕಟ್ಟಡಕ್ಕೆ, ಕಸ ಸುರಿಯುವುದಕ್ಕೆ ಒದಗುವುದು ಸಾಮಾನ್ಯವಾಗಿದೆ. ಮಣಿಪಾಲದ ಕಪ್ಪೆಗೆ ಆ ಶಿಲೆಯ ಹೆಸರನ್ನೇ ಇಟ್ಟುದರಲ್ಲಿ ಸಂಶೋಧಕರಿಗೆ ಈ ನೆಲೆಯ ಕಡೆಗೆ ಗಮನ ಸೆಳೆಯುವ ಉದ್ದೇಶವಿತ್ತು. ನೆಲದ ವರ್ಗೀಕರಣವು ‘ಏನೂ ಇಲ್ಲ’ ಎಂದು ಬರೆದ ಸ್ಥಳದಲ್ಲಿ ಪ್ರಾಣಿಯ ವರ್ಗೀಕರಣವು ಒಂದು ಹೆಸರನ್ನು ಬರೆದಿದೆ.

ಹೆಸರಿಲ್ಲದ ಜೀವಿಯನ್ನು ಎಣಿಸಲಾಗದು. ಎಣಿಸದ ಜೀವಿಯನ್ನು ಯಾವ ಅನುಸೂಚಿಯೂ ರಕ್ಷಿಸದು. ಅದು ಅಳಿದಾಗ ಅಳಿದುದೇ ತಿಳಿಯದು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳ ಮೂಲಕ ಜೀವಲೋಕದ ಅರಿವನ್ನು ಕನ್ನಡಕ್ಕೆ ತರಲು ಶ್ರಮಿಸಿದರು. ಆ ಕಾರ್ಯಕ್ಕೆ ಪೂರಕವಾಗಿ ಈ ಜಿಲ್ಲೆಯ ತುಳು, ಕನ್ನಡ, ಕೊಂಕಣಿ ಮತ್ತು ಬ್ಯಾರಿ ಭಾಷೆಗಳಲ್ಲಿರುವ ಪ್ರಾಣಿನಾಮಗಳನ್ನು ಶಾಸ್ತ್ರೀಯ ಪ್ರಭೇದಗಳೊಡನೆ ಹೊಂದಿಸಿ ನೋಡುವ ಸಮಗ್ರ ಸೂಚಿಯೊಂದು ಸಿದ್ಧವಾದರೆ ಭಾಷಾವಿಜ್ಞಾನಕ್ಕೂ ಜೀವವಿಜ್ಞಾನಕ್ಕೂ ಏಕಕಾಲದಲ್ಲಿ ಉಪಕಾರವಾದೀತು. ಒಂದೇ ಹೆಸರಿನಡಿ ಎರಡು ಪ್ರಭೇದಗಳು ಅಡಗಿರುವುದನ್ನು, ಒಂದೇ ಪ್ರಭೇದಕ್ಕೆ ಊರಿಗೊಂದು ಹೆಸರಿರುವುದನ್ನು ಅಂತಹ ಸೂಚಿಯು ಬೆಳಕಿಗೆ ತರಬಲ್ಲುದು. ಕನಗುರ್ತದಿಂದ ಕಾಳಿಂಗದವರೆಗಿನ ಇತಿಹಾಸವು ತೋರಿಸುವಂತೆ ಜನಬಳಕೆಯ ಹೆಸರಿಗೂ ಶಾಸ್ತ್ರದ ಹೆಸರಿಗೂ ನಡುವಣ ದಾರಿ ಹಿಂದಿನಿಂದಲೂ ತೆರೆದೇ ಇದೆ. ಬಲೆ, ಕಾಡು, ಪದವುಗಳ ಪರಿಚಯವುಳ್ಳ ಹಿರಿಯರ ತಲೆಮಾರು ಇರುವಾಗಲೇ ಆ ದಾರಿಯಲ್ಲಿ ಕೆಲಸ ನಡೆಯಬೇಕಾದುದು ಅಗತ್ಯ.